‘ಕಲ್ಯಾಣ್’ ಮತ್ತು ‘ಕಲ್ಯಾಣ’: ಒಂದು ಮಾತ್ರೆಯ ವ್ಯತ್ಯಾಸ ತಪ್ಪೋ, ಕವಿತೆಯ ತಿರುಳೋ?

ಮಾಟುಂಗದ ಓದುಗ

ಕಳೆದ ಭಾನುವಾರ ನಮ್ಮ ಓದುಗರ ಬಳಗದ ತಿಂಗಳ ಕೂಟದಲ್ಲಿ ಹಿರಿಯ ಸದಸ್ಯರೊಬ್ಬರು ಓದಿದ ಕವಿತೆಯನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ. ಹೆಸರು ಬೇಡವೆಂದಿದ್ದಾರೆ. ಚಿಕ್ಕ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿಶಾಲೆಯೊಂದರಲ್ಲಿ ಓದಿದವರು ಅವರು. ಷಟ್ಪದಿಯನ್ನು ಗಣವಾಗಿ ಬಿಡಿಸಿ ಓದುವುದನ್ನು ಕಲಿತದ್ದೂ ಅಲ್ಲಿಯೇ ಎಂದು ಒಮ್ಮೆ ಹೇಳಿದ್ದರು. ನಮ್ಮ ಬಳಗ ಹೊರತರಲಿರುವ ಸಣ್ಣ ಸಂಚಿಕೆಗೆ ಈ ಕವಿತೆ ಹೋಗುವುದಿದೆ. ಅದಕ್ಕೆ ಮೊದಲು ಕೊನೆಯ ಸಾಲಿನ ಬಗ್ಗೆ ಕೂಟದಲ್ಲಿ ಎದ್ದ ಪ್ರಶ್ನೆಯನ್ನು ನಿಮ್ಮೆಲ್ಲರ ಮುಂದೆ ಇಡಬೇಕೆನಿಸಿತು.

ರಾತ್ರಿಯ ಗಾಡಿ

ಕಲ್ಯಾಣ್ ಗಾಡಿಗೆ ಕಾಯುವ ಮಂದಿ
ಹೆಗಲಿಗೆ ಹೆಗಲಿನ ನಡುವಿನ ಸಂದಿ
ಅದರೊಳಗುಸಿರನು ಹುಡುಕುವ ಹೊತ್ತು
ಮುಂದಿನ ಟೇಶನ್ ದಾದರ್ ದಾದರ್

ತಟ್ಟೆಯ ತೊಳೆದಾ ಕೈಗಳ ಕಂಪು
ಕಿಟಕಿಯ ಕಂಬಿಗೆ ಸೋಕುವ ತಂಪು
ಊರಿನ ಹೆಸರನು ಕೇಳುವರಿಲ್ಲ
ಮುಂದಿನ ಟೇಶನ್ ಕುರ್ಲಾ ಕುರ್ಲಾ

ಬಂದವರೆಲ್ಲರು ಇಳಿಯುತಲಿರಲು
ಒಂದಿನ ಕಿಟಕಿಯು ಕಡೆಗೂ ಸಿಗಲು
ಕಂದನ ಹಾಗೇ ಕಣ್ಮುಚ್ಚಿದರೆ
ಮುಂದಿನ ಟೇಶನ್ ಕಲ್ಯಾಣ ಕಲ್ಯಾಣ

ಇಡೀ ಕವಿತೆ ನಾಲ್ಕು ಮಾತ್ರೆಯ ಗಣಗಳಲ್ಲಿ, ಅಂದರೆ ಅಕ್ಷರಗಳ ಉಚ್ಚಾರದ ಕಾಲವನ್ನು ನಾಲ್ಕು ನಾಲ್ಕಾಗಿ ಎಣಿಸುವ ಗುಂಪುಗಳಲ್ಲಿ, ಸಾಗುತ್ತದೆ. ಕೊನೆಯ ಸಾಲಿನಲ್ಲಿ ಮಾತ್ರ ಗಣ ಮೀರುತ್ತದೆ. ಮುಂಬಯಿಯ ಲೋಕಲ್ ಗಾಡಿಯ ನಿಲ್ದಾಣದ ಹೆಸರನ್ನು ಮೊದಲ ಸಾಲಿನಲ್ಲಿ ‘ಕಲ್ಯಾಣ್’ ಎಂದು ಬರೆದವರು ಕೊನೆಯಲ್ಲಿ ‘ಕಲ್ಯಾಣ’ ಎಂದು ಬರೆದಿದ್ದಾರೆ. ಇದು ಕೈತಪ್ಪೇ, ಉದ್ದೇಶವೇ? ಕವಿಯನ್ನೇ ಕೇಳಿದಾಗ ‘ಓದಿ ನೋಡಿ’ ಎಂದಷ್ಟೇ ಹೇಳಿದರು.

ಠಾಣೆಯ ಮೇಷ್ಟ್ರು

ಕವಿತೆ ಚೆನ್ನಾಗಿದೆ, ಚೆನ್ನಾಗಿರುವುದರಿಂದಲೇ ಕೊನೆಯ ಸಾಲನ್ನು ತಿದ್ದಬೇಕೆಂದು ಹೇಳುತ್ತೇನೆ. ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಬಿಡಿಸುತ್ತೇನೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಕ್ಕೂ, ಅನುಸ್ವಾರವಿರುವ ಅಕ್ಷರಕ್ಕೂ, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ವ್ಯಂಜನದಲ್ಲಿ ಮುಗಿಯುವ ಅಕ್ಷರಕ್ಕೂ ಎರಡು ಮಾತ್ರೆ, ಅದು ಗುರು. ಅದರಂತೆ,

ಮುಂದಿನ | ಟೇಶನ್ | ದಾದರ್ | ದಾದರ್

ಇದು 4, 4, 4, 4, ಒಟ್ಟು 16. ಕುರ್ಲಾದ ಸಾಲೂ ಹಾಗೆಯೇ. ಆದರೆ ‘ಕಲ್ಯಾಣ’ ಎಂಬುದು ಗುರು, ಗುರು, ಲಘು, ಅಂದರೆ ತಗಣ; ಐದು ಮಾತ್ರೆ. ಎರಡು ಸಲ ಬಂದಾಗ ಸಾಲು 18 ಮಾತ್ರೆಯಾಗುತ್ತದೆ. ಮೊದಲ ಸಾಲಿನಲ್ಲಿರುವಂತೆ ‘ಕಲ್ಯಾಣ್’ ಎಂದರೆ ಎರಡು ಗುರುಗಳು, ನಾಲ್ಕು ಮಾತ್ರೆ; ಎಲ್ಲವೂ ಸರಿಹೋಗುತ್ತದೆ. ‘ಯಾಣ್’ ಎಂಬಲ್ಲಿ ದೀರ್ಘದ ಮೇಲೆ ವ್ಯಂಜನವೂ ಸೇರಿದೆಯಲ್ಲ, ಮೂರು ಮಾತ್ರೆಯಾಗದೇ ಎಂದು ಕೂಟದಲ್ಲಿ ಒಬ್ಬರು ಕೇಳಿದ್ದರು. ಆಗುವುದಿಲ್ಲ, ಛಂದಸ್ಸಿನಲ್ಲಿ ಗುರುವಿಗಿಂತ ಭಾರವಾದ ಅಕ್ಷರವಿಲ್ಲ. ಒಂದು ಅರ್ಧಾಕ್ಷರದ ಗೆರೆ ಸೇರಿಸಿದರೆ ಮುಗಿಯುವ ಕೆಲಸವನ್ನು ಸಿದ್ಧಾಂತ ಮಾಡಿಕೊಂಡು ಕೂರುವುದೇಕೆ?

ಮಾಟುಂಗದ ಓದುಗ

ಮೇಷ್ಟ್ರೇ, ಲೆಕ್ಕದಲ್ಲಿ ಎರಡು ಮಾತಿಲ್ಲ. ಆದರೆ ಅವರು ಓದಿದಾಗ ನಾನು ಎರಡನೆಯ ಸಾಲಿನಲ್ಲಿಯೇ ಕುಳಿತಿದ್ದೆ. ಮೊದಲ ಸಾಲಿನ ‘ಕಲ್ಯಾಣ್’ ಎಂಬುದನ್ನು ನಾವು ಟಿಕೆಟ್ ಕಿಟಕಿಯಲ್ಲಿ ಹೇಳುವಂತೆ ಹೇಳಿದರು. ಕೊನೆಯ ‘ಕಲ್ಯಾಣ’ದ ‘ಣ’ವನ್ನು ಎರಡು ಸಲವೂ ಪೂರ್ತಿಯಾಗಿ, ನಿಧಾನವಾಗಿ ಉಚ್ಚರಿಸಿದರು. ಆದ್ದರಿಂದ ಕೈತಪ್ಪು ಎಂಬುದನ್ನು ಪಕ್ಕಕ್ಕಿಡೋಣ. ಉದ್ದೇಶವಿದ್ದರೂ ಅದು ಕವಿತೆಗೆ ಒಪ್ಪುತ್ತದೆಯೇ ಎಂಬುದು ಉಳಿದ ಪ್ರಶ್ನೆ.

ಡೊಂಬಿವಲಿಯ ಕೇಳುಗಿ

ಮೇಷ್ಟ್ರು ಪಲ್ಲವಿಯ ಸಾಲುಗಳನ್ನು ಮಾತ್ರ ಎಣಿಸಿದ್ದಾರೆ. ಉಳಿದ ಸಾಲುಗಳನ್ನೂ ಎಣಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ, ಮತ್ತು ಕೊನೆಯ ಸಾಲನ್ನು ಅರ್ಥ ಮಾಡಿಕೊಳ್ಳಲು ಅದು ಅಗತ್ಯವೆಂದು ನನಗೆ ತೋರುತ್ತದೆ.

ಕಲ್ಯಾಣ್ | ಗಾಡಿಗೆ | ಕಾಯುವ | ಮಂದಿ
ಹೆಗಲಿಗೆ | ಹೆಗಲಿನ | ನಡುವಿನ | ಸಂದಿ

ಇಲ್ಲಿ ಕೊನೆಯ ಗಣಕ್ಕೆ ಮೂರೇ ಮಾತ್ರೆ. ಕಂಪು, ತಂಪು, ಹೊತ್ತು, ‘ಕೇಳುವರಿಲ್ಲ’ದ ‘ರಿಲ್ಲ’, ‘ಇರಲು’, ‘ಸಿಗಲು’, ‘ಚಿದರೆ’, ಎಲ್ಲವೂ ಮೂರು ಮಾತ್ರೆಯವೇ. ಅಂದರೆ ಪಲ್ಲವಿಯಲ್ಲದ ಒಂಬತ್ತು ಸಾಲುಗಳಲ್ಲಿಯೂ 15 ಮಾತ್ರೆಯ ಮಾತು ಮತ್ತು ಒಂದು ಮಾತ್ರೆಯ ಮೌನವಿದೆ. ಓದುವವರು ಅಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಪಲ್ಲವಿಯ ಸಾಲಿನಲ್ಲಿ ಆ ಮೌನವಿಲ್ಲ. ಹದಿನಾರೂ ತುಂಬಿಕೊಂಡು ಬರುತ್ತವೆ, ಏಕೆಂದರೆ ಅದು ಮನುಷ್ಯರ ಮಾತಲ್ಲ. ಡಬ್ಬಿಯೊಳಗಿನ ಧ್ವನಿವರ್ಧಕದ ಘೋಷಣೆ, ಅದಕ್ಕೆ ಉಸಿರು ಬೇಕಿಲ್ಲ. ದಿನವೂ ಎರಡು ಹೊತ್ತು ಆ ಧ್ವನಿಯನ್ನು ಕೇಳುವ ನನಗೆ ಈ ಒಂದು ಮಾತ್ರೆಯ ಏರ್ಪಾಡು ಬಹಳ ನಿಜವೆನಿಸಿತು.

ಮೂರನೆಯ ಸಾಲನ್ನು ಗಟ್ಟಿಯಾಗಿ ಓದಿ ನೋಡಿ: ‘ಅದರೊಳ | ಗುಸಿರನು | ಹುಡುಕುವ | ಹೊತ್ತು’. ಹನ್ನೆರಡು ಲಘುಗಳು ಒಂದರ ಬೆನ್ನಿಗೊಂದು ಬಂದ ಮೇಲೆ ‘ಹೊತ್ತು’ವಿನ ಮೊದಲ ಅಕ್ಷರದಲ್ಲಿ ಗುರು ಸಿಗುತ್ತದೆ. ‘ಒಳಗೆ’ ಎಂಬ ಪದ ಎರಡು ಗಣಗಳ ನಡುವೆ ಸಿಕ್ಕಿಕೊಂಡಿದೆ, ಉಸಿರು ಎಂಬ ಪದಕ್ಕೆ ಸ್ವಂತ ಜಾಗವೇ ಇಲ್ಲದೆ ಸಂಧಿಯೊಳಗೆ ನುಸುಳಬೇಕಾಗಿದೆ. ಸಂಜೆ ಏಳರ ಹೊತ್ತಿಗೆ ದಾದರಿನಲ್ಲಿ ಮಹಿಳೆಯರ ಡಬ್ಬಿಗೆ ಹತ್ತಿದವರಿಗೆ ಈ ಸಾಲನ್ನು ವಿವರಿಸಬೇಕಾಗಿಲ್ಲ.

ಪಲ್ಲವಿಯ ಬಗ್ಗೆ ಇನ್ನೂ ಒಂದು ಮಾತು. ನಮ್ಮ ಗಾಡಿಗಳಲ್ಲಿ ನಿಲ್ದಾಣದ ಹೆಸರನ್ನು ಮರಾಠಿ, ಹಿಂದಿ, ಇಂಗ್ಲಿಷ್ ಮೂರು ಭಾಷೆಗಳಲ್ಲಿ ಹೇಳುತ್ತಾರೆ, ಕನ್ನಡದಲ್ಲಿ ಹೇಳುವುದಿಲ್ಲ. ಹಾಗಾದರೆ ‘ಮುಂದಿನ ಟೇಶನ್’ ಎಂದು ಹೇಳುತ್ತಿರುವವರು ಯಾರು? ಕೇಳುತ್ತಿರುವವನೇ ತನ್ನೊಳಗೆ ಅದನ್ನು ಕನ್ನಡಕ್ಕೆ ತಂದುಕೊಳ್ಳುತ್ತಿದ್ದಾನೆ. ಪಲ್ಲವಿಯ ಮೊದಲರ್ಧ ಅವನದು, ಎರಡನೆಯ ಅರ್ಧ ಯಂತ್ರದ್ದು. ಕೊನೆಯ ಸಾಲಿನಲ್ಲಿ ಎರಡನೆಯ ಅರ್ಧವನ್ನೂ ಅವನು ತನ್ನದನ್ನಾಗಿ ಮಾಡಿಕೊಂಡಿದ್ದಾನೆ ಎಂದು ನಾನು ಓದಿಕೊಂಡೆ.

ಕುರ್ಲಾ, ನಿವೃತ್ತ ರೈಲ್ವೆ ನೌಕರ

ನನಗೆ ಛಂದಸ್ಸು ಹೆಚ್ಚು ತಿಳಿಯದು, ಹಳಿ ತಿಳಿಯುತ್ತದೆ. ನಾಲ್ಕರ ಎಣಿಕೆ ಆಕಸ್ಮಿಕವಲ್ಲವೆಂದು ಹೇಳಲು ಬರೆಯುತ್ತಿದ್ದೇನೆ. ಒಂದು ಡಬ್ಬಿಯ ಅಡಿಯಲ್ಲಿ ಎರಡು ತುದಿಗಳಲ್ಲಿ ಚಕ್ರಗಳ ಎರಡು ಚೌಕಟ್ಟುಗಳಿರುತ್ತವೆ, ನಮ್ಮಲ್ಲಿ ಬೋಗಿ ಎನ್ನುವುದು ಅದನ್ನೇ; ಒಂದೊಂದು ಬೋಗಿಗೆ ಎರಡು ಜೊತೆ ಚಕ್ರ. ಹಳಿಯ ಜೋಡಣೆಯ ಮೇಲೆ ಗಾಡಿ ಹಾಯುವಾಗ ಮುಂದಿನ ಡಬ್ಬಿಯ ಹಿಂಬದಿಯ ಎರಡು ಜೊತೆ, ಅದರ ಬೆನ್ನಿಗೇ ಹಿಂದಿನ ಡಬ್ಬಿಯ ಮುಂಬದಿಯ ಎರಡು ಜೊತೆ ಹಾಯುತ್ತವೆ. ಆದ್ದರಿಂದ ಕಿವಿಗೆ ನಾಲ್ಕು ಪೆಟ್ಟುಗಳು ಒಟ್ಟಾಗಿ ಬಂದು, ಸ್ವಲ್ಪ ಬಿಡುವಾಗಿ, ಮತ್ತೆ ನಾಲ್ಕು ಬರುತ್ತವೆ. ಈಗ ಉದ್ದದ ಹಳಿಗಳನ್ನು ಬೆಸುಗೆ ಹಾಕಿ ಸೇರಿಸಿರುವುದರಿಂದ ಆ ಸದ್ದು ಬಹುಪಾಲು ಹೋಗಿದೆ; ಗಾಡಿ ಹಳಿ ಬದಲಿಸುವ ಕಡೆಗಳಲ್ಲಿ ಮಾತ್ರ ಉಳಿದಿದೆ. ಕವಿಯ ವಯಸ್ಸಿನವರು ಜೋಡಣೆಯ ಹಳಿಯ ಮೇಲೆ ವರ್ಷಗಟ್ಟಲೆ ಓಡಾಡಿದವರು.

ಠಾಣೆಯ ಮೇಷ್ಟ್ರು

ನೌಕರ ಬಂಧುಗಳ ಮಾಹಿತಿ ನನಗೆ ಹೊಸದು, ಸಂತೋಷವಾಯಿತು. ಆದರೂ ಒಂದು ಎಚ್ಚರಿಕೆ ಹೇಳಲೇಬೇಕು. ರೈಲಿನ ಸದ್ದಿನೊಳಗೆ ನಾವು ಬೇಕಾದ ಲಯವನ್ನು ಕೇಳಿಸಿಕೊಳ್ಳಬಲ್ಲೆವು. ಭಾಮಿನಿ ಷಟ್ಪದಿಯ ಮೂರು–ನಾಲ್ಕರ ನಡಿಗೆಯನ್ನು ಮನಸ್ಸಿನಲ್ಲಿ ಗುನುಗಿಕೊಂಡು ಕುಳಿತರೆ ಗಾಡಿಯೂ ಹಾಗೆಯೇ ಓಡುತ್ತದೆ. ಲಯದ ಸಮರ್ಥನೆ ಕವಿತೆಯೊಳಗೇ ಸಿಗಬೇಕು. ಡೊಂಬಿವಲಿಯ ಅಕ್ಕನವರು ತೋರಿಸಿದ ಒಂದು ಮಾತ್ರೆಯ ಮೌನ ಅಂಥ ಸಮರ್ಥನೆ. ಅದನ್ನು ನಾನು ಗಮನಿಸಿರಲಿಲ್ಲ, ಒಪ್ಪುತ್ತೇನೆ.

ಆದರೆ ಹೊಗಳಿಕೆಯ ಭರದಲ್ಲಿ ದೋಷಗಳನ್ನು ಬಿಡುವುದು ಬೇಡ. ‘ತಟ್ಟೆಯ ತೊಳೆದಾ ಕೈಗಳ’ ಎಂಬಲ್ಲಿ ‘ತೊಳೆದಾ’ ಎಂದು ಎಳೆದಿರುವುದು ಮಾತ್ರೆ ತುಂಬಿಸಲಿಕ್ಕಾಗಿಯೇ. ‘ತೊಳೆದ’ ಎಂದರೆ ಮೂರು ಮಾತ್ರೆ, ಗಣ ಕುಂಟುತ್ತದೆ. ಜನಪದ ಹಾಡಿನಲ್ಲಿ ಈ ಎಳೆತ ಸಹಜ, ಏಕೆಂದರೆ ಅಲ್ಲಿ ರಾಗ ಅದನ್ನು ಹೊರುತ್ತದೆ. ಓದುವ ಕವಿತೆಯಲ್ಲಿ ಅದು ತೇಪೆಯಂತೆ ಕಾಣುತ್ತದೆ. ‘ತೊಳೆಯುವ’ ಎಂದಿದ್ದರೆ ನಾಲ್ಕು ಲಘುಗಳು ಸರಿಯಾಗಿ ಕೂರುತ್ತಿದ್ದವು. ಹಾಗೆಯೇ ‘ಇರಲು–ಸಿಗಲು’ ಎಂಬ ಅಂತ್ಯಪ್ರಾಸ ಬಡವಾದದ್ದು. ‘ಮಂದಿ–ಸಂದಿ’ಯಲ್ಲಿ ಎರಡು ಬೇರೆ ಬೇರೆ ವಸ್ತುಗಳು ಧ್ವನಿಯಿಂದ ಹತ್ತಿರವಾಗುತ್ತವೆ, ಮಂದಿ ಹೆಚ್ಚಿದಷ್ಟೂ ಸಂದಿ ಕಡಿಮೆಯಾಗುತ್ತದೆ ಎಂಬ ಅರ್ಥವೂ ಪ್ರಾಸದಿಂದಲೇ ಹುಟ್ಟುತ್ತದೆ. ‘ಇರಲು–ಸಿಗಲು’ ಎಂಬಲ್ಲಿ ಪ್ರಾಸವನ್ನು ಮಾಡಿರುವುದು ವ್ಯಾಕರಣ, ಕವಿಯಲ್ಲ. ಒಂದೇ ಪ್ರತ್ಯಯವನ್ನು ಯಾವ ಎರಡು ಧಾತುಗಳಿಗೆ ಹಚ್ಚಿದರೂ ಇಷ್ಟು ಪ್ರಾಸ ದೊರೆಯುತ್ತದೆ.

ಡೊಂಬಿವಲಿಯ ಕೇಳುಗಿ

‘ತೊಳೆಯುವ’ ಎಂದರೆ ಕೆಲಸ ಇನ್ನೂ ನಡೆಯುತ್ತಿದೆ ಎಂದಾಗುತ್ತದೆ, ಮೇಷ್ಟ್ರೇ. ಅವನು ಕೆಲಸ ಮುಗಿಸಿ ಹೊರಟವನು. ತಟ್ಟೆಗಳು ಹಿಂದೆ ಉಳಿದಿವೆ, ವಾಸನೆ ಮಾತ್ರ ಕೈಯಲ್ಲಿ ಬಂದಿದೆ. ಭೂತಕಾಲ ಬೇಕೇಬೇಕು. ತೇಪೆ ಎಂಬುದನ್ನು ಮಾತ್ರ ನಾನೂ ಒಪ್ಪುತ್ತೇನೆ.

ಎರಡನೆಯ ಪದ್ಯದಲ್ಲಿ ಇನ್ನೊಂದು ಸಣ್ಣ ಪ್ರಾಸ ಅಡಗಿದೆ: ‘ಕೇಳುವರಿಲ್ಲ’ ಮತ್ತು ‘ಕುರ್ಲಾ’. ಕಿವಿಗೆ ಪೂರ್ತಿ ಕೂಡುವುದಿಲ್ಲ, ಆದರೆ ‘ಲ’ಕಾರ ಕೊಂಡಿಯಾಗುತ್ತದೆ. ಊರಿನ ಹೆಸರು ಕೇಳುವವರಿಲ್ಲವೆಂದ ಕೂಡಲೇ ಯಾರೂ ಕೇಳದ ಇನ್ನೊಂದು ಊರಿನ ಹೆಸರನ್ನು ಯಂತ್ರ ಎರಡು ಸಲ ಹೇಳುತ್ತದೆ.

ಪುಣೆ, ಕೊಥ್ರೂಡ್

ನಾನು ನಲವತ್ತು ವರ್ಷಗಳಿಂದ ಪುಣೆಯಲ್ಲಿದ್ದೇನೆ. ‘ಕಲ್ಯಾಣ್–ಕಲ್ಯಾಣ’ದ ಪ್ರಶ್ನೆಗೆ ಮರಾಠಿಯ ಕಡೆಯಿಂದ ಒಂದು ಮಾತನ್ನು ಸೇರಿಸಬಹುದೆಂದು ಭಾವಿಸುತ್ತೇನೆ.

ಕನ್ನಡ ಪದಗಳು ಇಂದು ಬಹುತೇಕ ಸ್ವರದಲ್ಲಿಯೇ ಮುಗಿಯುತ್ತವೆ. ಹೊರಗಿನ ಪದ ಬಂದರೂ ನಾವು ಬಾಲಕ್ಕೊಂದು ಉಕಾರ ಕಟ್ಟಿ ಬಸ್ಸು, ಕಾರು, ರೈಲು ಎಂದು ನಮ್ಮದಾಗಿ ಮಾಡಿಕೊಳ್ಳುತ್ತೇವೆ. ಈ ಉಕಾರ ಒಂದು ಮಾತ್ರೆಯ ವಸ್ತು. ‘ಟೇಶನ್’ ನಾಲ್ಕು ಮಾತ್ರೆ, ‘ಟೇಶನ್ನು’ ಐದು. ‘ಲೋಕಲ್’ ನಾಲ್ಕು, ‘ಲೋಕಲ್ಲು’ ಐದು. ಈ ಕವಿ ಹಾಗೆ ಮಾಡಿಲ್ಲ. ಟೇಶನ್, ದಾದರ್, ಕಲ್ಯಾಣ್ ಎಂದು ಮುಂಬಯಿಯ ಬಾಯಿಯಲ್ಲಿರುವಂತೆಯೇ, ಬಾಗಿಲು ಮುಚ್ಚಿದಂತೆ ವ್ಯಂಜನದಲ್ಲಿ ನಿಲ್ಲಿಸಿದ್ದಾರೆ. ನಾಲ್ಕು ಮಾತ್ರೆಯ ನಡಿಗೆ ಕವಿತೆಯ ಕೊನೆಯವರೆಗೂ ಉಳಿದಿರುವುದಕ್ಕೆ ಈ ಮುಚ್ಚಿದ ಅಕ್ಷರಗಳು ದೊಡ್ಡ ಕಾರಣ. ಕನ್ನಡದ ಬಾಯಿ ಒಮ್ಮೆ ತೆರೆದುಕೊಂಡರೆ ಸಾಕು, ಗಣ ಐದಕ್ಕೆ ಹೋಗುತ್ತದೆ. ಹೋಗಿರುವುದು ಕೊನೆಯ ಸಾಲಿನಲ್ಲಿ ಮಾತ್ರ.

ಮರಾಠಿಯವರು ಮಾತಿನಲ್ಲಿ ಪದಾಂತ್ಯದ ಅಕಾರವನ್ನು ನುಂಗುತ್ತಾರೆ, ಆದ್ದರಿಂದ ‘ಕಲ್ಯಾಣ್’. ಆದರೆ ಅವರ ಸಂತರ ಭಕ್ತಿಪದವಾದ ಅಭಂಗದಲ್ಲಿ ಹಾಗಲ್ಲ. ಅಭಂಗವನ್ನು ಮಾತ್ರೆಯಿಂದ ಎಣಿಸುವುದಿಲ್ಲ, ಅಕ್ಷರದಿಂದ ಎಣಿಸುತ್ತಾರೆ. ದೊಡ್ಡ ಅಭಂಗದಲ್ಲಿ ಆರು, ಆರು, ಆರು, ನಾಲ್ಕು ಅಕ್ಷರಗಳ ನಾಲ್ಕು ಚರಣಗಳಿದ್ದು ಎರಡನೆಯದಕ್ಕೂ ಮೂರನೆಯದಕ್ಕೂ ಪ್ರಾಸ ಕೂಡುತ್ತದೆ. ಆ ಎಣಿಕೆಯಲ್ಲಿ ಮಾತಿನಲ್ಲಿ ನುಂಗಿದ ಅಕಾರವೂ ಒಂದು ಅಕ್ಷರವಾಗಿಯೇ ಬರುತ್ತದೆ, ಹಾಡುವಾಗ ತುಂಬು ದನಿಯಲ್ಲಿ ಕೇಳುತ್ತದೆ. ಆಷಾಢ ಏಕಾದಶಿಗೆಂದು ಆಳಂದಿಯಿಂದಲೂ ದೇಹೂವಿನಿಂದಲೂ ಹೊರಟ ಪಾಲಕಿಗಳು ಪುಣೆಯ ಮೂಲಕ ಪಂಢರಪುರಕ್ಕೆ ಹೋಗುವಾಗ ಬೀದಿಯಲ್ಲಿ ನಿಂತು ಕೇಳಿದರೆ ಇದು ಸ್ಪಷ್ಟವಾಗುತ್ತದೆ: ಅಂಗಡಿಯಲ್ಲಿ ಒಂದು ಬಗೆಯಾಗಿ ಮಾತನಾಡುವ ಅದೇ ಜನ ಹಾಡಿನಲ್ಲಿ ಪದದ ತುದಿಯನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದ ‘ಕಲ್ಯಾಣ’ ಎಂಬ ಮೂರಕ್ಷರದ ರೂಪವನ್ನು ಕನ್ನಡದ್ದು ಮಾತ್ರ ಎಂದು ನಾನು ಹೇಳಲಾರೆ. ಅದು ಹಾಡಿನ ರೂಪ, ‘ಕಲ್ಯಾಣ್’ ಎಂಬುದು ವ್ಯವಹಾರದ ರೂಪ.

ವಾಸ್ಕೋದಿಂದ

ನಾನು ಗೋವೆಯಲ್ಲಿರುವುದರಿಂದ ಲೋಕಲ್ ಗಾಡಿಯ ಅನುಭವ ಕಡಿಮೆ. ಕವಿತೆಯನ್ನು ಮಗಳಿಗೆ ಓದಿ ಹೇಳುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು, ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ. ಮೂರನೆಯ ಪದ್ಯದ ನಾಲ್ಕು ಸಾಲುಗಳ ಆರಂಭವನ್ನು ನೋಡಿ: ಬಂದವರು, ಒಂದಿನ, ಕಂದನ, ಮುಂದಿನ. ನಾಲ್ಕರಲ್ಲಿಯೂ ಎರಡನೆಯ ಅಕ್ಷರ ದಕಾರ, ಅದರ ಹಿಂದೆ ಸೊನ್ನೆ. ಇದು ಹಳೆಯ ಆದಿಪ್ರಾಸವಲ್ಲವೇ? ಮೊದಲ ಎರಡು ಪದ್ಯಗಳಲ್ಲಿ ಹೀಗಿಲ್ಲ.

ಠಾಣೆಯ ಮೇಷ್ಟ್ರು

ತಂಗೀ, ನೀವು ನನ್ನ ವಾದದ ಬುಡವನ್ನೇ ಅಲುಗಿಸಿದಿರಿ. ಇದು ಆದಿಪ್ರಾಸವೇ. ಪ್ರಾಸಾಕ್ಷರದ ಹಿಂದೆ ಬಿಂದು ಇರುವುದರಿಂದ ಲಕ್ಷಣಕಾರರ ಆರು ಪ್ರಾಸಗಳಲ್ಲಿ ಇದಕ್ಕೆ ವೃಷಭಪ್ರಾಸವೆಂದು ಹೆಸರು. ಅಂತ್ಯಪ್ರಾಸವೆಂಬುದು ಹಳಗನ್ನಡ ಚಂಪೂ ಕವಿಗಳಿಗೆ ಕಡ್ಡಾಯವಾಗಿರಲಿಲ್ಲ. ಸಾಲಿನ ಎರಡನೆಯ ಅಕ್ಷರದ ಈ ಪ್ರಾಸ ಕಡ್ಡಾಯವಾಗಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಇದನ್ನು ಬಿಟ್ಟು ಬರೆದಾಗ ಪಂಡಿತರ ವಲಯದಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. ಬಿ.ಎಂ.ಶ್ರೀ. ಅವರ ಇಂಗ್ಲಿಷ್ ಗೀತಗಳು 1926ರಲ್ಲಿ ಹೊರಬಂದ ಬಳಿಕವಂತೂ ಮಾತ್ರಾಗಣ ಮತ್ತು ಅಂತ್ಯಪ್ರಾಸ ಹೊಸಗನ್ನಡ ಭಾವಗೀತೆಯ ರೂಢಿಯಾದವು. ಈ ಕವಿಯ ಮೊದಲ ಎರಡು ಪದ್ಯಗಳು ಆ ರೂಢಿಯವು: ಮಂದಿ–ಸಂದಿ, ಕಂಪು–ತಂಪು. ಮೂರನೆಯದರಲ್ಲಿ ಅಂತ್ಯಪ್ರಾಸ ‘ಇರಲು–ಸಿಗಲು’ ಎಂದು ಸಣ್ಣದಾಗುತ್ತದೆ, ಆದಿಪ್ರಾಸ ಎದ್ದು ನಿಲ್ಲುತ್ತದೆ. ನಾನು ಬಡ ಪ್ರಾಸವೆಂದು ದೂರಿದ್ದು ಇದೇ ಸಾಲುಗಳನ್ನು. ಕಿವಿಯನ್ನು ಸಾಲಿನ ತುದಿಯಲ್ಲಿ ಇಟ್ಟುಕೊಂಡು ಕುಳಿತಿದ್ದೆ, ಪ್ರಾಸ ಸಾಲಿನ ತಲೆಗೆ ಹೋಗಿತ್ತು.

ಇನ್ನೂ ನೋಡಿ. ‘ಂದಿ’ ಎಂಬ ಧ್ವನಿ ಮೊದಲ ಪದ್ಯದಲ್ಲಿ ಸಾಲಿನ ಕೊನೆಯಲ್ಲಿತ್ತು, ಮಂದಿ ಮತ್ತು ಸಂದಿಗಳಲ್ಲಿ. ಎರಡನೆಯ ಪದ್ಯದ ಒಳಸಾಲುಗಳಲ್ಲಿ ಅದಿಲ್ಲ, ಅಲ್ಲಿ ಪಕಾರ ಬಂದಿದೆ. ಆದರೆ ಪಲ್ಲವಿಯ ‘ಮುಂದಿನ’ ಅದನ್ನು ಎಲ್ಲ ಪದ್ಯಗಳಲ್ಲಿಯೂ ಹಿಡಿದುಕೊಂಡೇ ಇತ್ತು. ಮೂರನೆಯ ಪದ್ಯದಲ್ಲಿ ಉಳಿದ ಸಾಲುಗಳು ಬಂದು ಪಲ್ಲವಿಗೆ ಜೊತೆಯಾಗುತ್ತವೆ. ಮೊದಲೆರಡು ಸಲ ಹೊರಗಿನಿಂದ ಬಂದಂತಿದ್ದ ಘೋಷಣೆ ಮೂರನೆಯ ಸಲ ಪದ್ಯದ ಒಳಗಿನ ಸಾಲೇ ಆಗುತ್ತದೆ. ಅದೇ ಪದಗಳ ಪುನರಾವರ್ತನೆ ಇಷ್ಟು ಕೆಲಸ ಮಾಡುವುದನ್ನು ನಾನು ಇತ್ತೀಚೆಗೆ ಬೇರೆಲ್ಲಿಯೂ ಕಂಡಿಲ್ಲ.

ಪುಣೆಯ ರಾಯರ ಮಾತಿಗೂ ಒಂದು ಸೇರಿಕೆ. ಹಳಗನ್ನಡದಲ್ಲಿ ವ್ಯಂಜನಾಂತ ಪದಗಳು ಬೇಕಾದಷ್ಟಿದ್ದವು. ಪೊನ್, ಕಾಲ್, ಕಣ್ ಎಂದಿದ್ದುದು ಹೊನ್ನು, ಕಾಲು, ಕಣ್ಣು ಎಂದಾಯಿತು. ಸಮಾಸದೊಳಗೆ ಮಾತ್ರ ಹಳೆಯ ರೂಪ ಉಳಿದಿದೆ. ಇಲ್ಲಿ ‘ಕಣ್ಮುಚ್ಚಿದರೆ’ ಎಂಬ ಪದದಲ್ಲಿ ಆ ‘ಕಣ್’ ಇದೆ, ಅದರ ಮುಂದಿನ ಸಾಲಿನಲ್ಲಿಯೇ ‘ಕಲ್ಯಾಣ್’ ತೆರೆದುಕೊಂಡು ‘ಕಲ್ಯಾಣ’ವಾಗುತ್ತದೆ. ಇದನ್ನು ಕವಿ ಎಣಿಸಿ ಮಾಡಿದರೆಂದು ನಾನು ಹೇಳುವುದಿಲ್ಲ.

ಕಲ್ಯಾಣ ಪೂರ್ವ

ನಾನು ಬೀದರ ಜಿಲ್ಲೆಯವನು, ಇರುವುದು ಇಲ್ಲಿಯ ಕಲ್ಯಾಣದಲ್ಲಿ. ನನ್ನಂಥವರಿಗೆ ಕೊನೆಯ ಸಾಲು ಕಿವಿಗೆ ಬಿದ್ದ ಕೂಡಲೇ ಏನಾಗುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ನಮ್ಮ ಕಡೆ ‘ಕಲ್ಯಾಣ’ ಎಂದರೆ ಬಸವಕಲ್ಯಾಣ. ಚಾಲುಕ್ಯರ ರಾಜಧಾನಿಯಾಗಿದ್ದ, ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿದ್ದ ಊರು. ಮನೆಯಲ್ಲಿ ಅವ್ವ ಆ ಹೆಸರನ್ನು ಹೇಳುವಾಗ ಕೊನೆಯ ಅಕ್ಷರವನ್ನು ಎಂದೂ ಕತ್ತರಿಸುತ್ತಿರಲಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ನಾನೂ ಟಿಕೆಟ್ ಕೇಳುವಾಗ ‘ಕಲ್ಯಾಣ’ ಎಂದೇ ಹೇಳುತ್ತಿದ್ದೆ, ಕ್ರಮೇಣ ಬಾಯಿ ‘ಕಲ್ಯಾಣ್’ಗೆ ಹೊಂದಿಕೊಂಡಿತ್ತು. ಎಷ್ಟು ಹೊಂದಿಕೊಂಡಿತ್ತೆಂದರೆ, ಈ ಕವಿತೆಯನ್ನು ಓದುವವರೆಗೆ ಹಾಗೊಂದು ಅಕ್ಷರವನ್ನು ನಾನು ಬಿಟ್ಟಿದ್ದೇನೆಂಬುದೇ ನನಗೆ ತಿಳಿದಿರಲಿಲ್ಲ.

ಕವಿ ಮೊದಲ ಸಾಲಿನಲ್ಲಿ ಹೇಳುವುದು ಗಾಡಿಯ ಹೆಸರು. ‘ಕಲ್ಯಾಣ್ ಗಾಡಿ’ ಎಂದರೆ 50 ಕಿಲೋಮೀಟರಿಗೂ ಹೆಚ್ಚು ನಿಂತುಕೊಂಡು ಹೋಗಬೇಕಾದ ಗಾಡಿ. ಕೊನೆಯಲ್ಲಿ ಕಿಟಕಿ ಸಿಕ್ಕಿ, ಕೂತು, ಮಗುವಿನಂತೆ ಕಣ್ಣು ಮುಚ್ಚಿದಾಗ ಅದೇ ಹೆಸರು ಅವನಿಗೆ ಮನೆಯ ಉಚ್ಚಾರದಲ್ಲಿ ಕೇಳುತ್ತದೆ. ‘ಊರಿನ ಹೆಸರನು ಕೇಳುವರಿಲ್ಲ’ ಎಂದು ಎರಡನೆಯ ಪದ್ಯದಲ್ಲಿ ಹೇಳಿದ್ದಕ್ಕೆ ಉತ್ತರವೂ ಅಲ್ಲಿದೆ.

ಡೊಂಬಿವಲಿಯ ಕೇಳುಗಿ

ಅಣ್ಣಾ, ನಿಮ್ಮ ಓದು ಮನಸ್ಸಿಗೆ ತಟ್ಟಿತು. ಆದರೆ ಕವಿ ಬೀದರದವರೆಂದಾಗಲಿ, ಅವರ ಮನಸ್ಸಿನಲ್ಲಿ ಬಸವಕಲ್ಯಾಣ ಇತ್ತೆಂದಾಗಲಿ ನಾವು ತೀರ್ಮಾನಿಸುವುದು ಬೇಡ. ಕಲ್ಯಾಣ ಎಂಬ ಪದಕ್ಕೆ ಒಳಿತು, ಮಂಗಳ, ಮದುವೆ ಎಂಬ ಅರ್ಥಗಳೂ ಇವೆ, ಕಣ್ಣು ಮುಚ್ಚಿದವನಿಗೆ ಅವುಗಳಲ್ಲಿ ಯಾವುದು ಬೇಕಾದರೂ ಕೇಳಿರಬಹುದು. ಛಂದಸ್ಸು ನಮಗೆ ಖಚಿತವಾಗಿ ಹೇಳುವುದು ಇಷ್ಟನ್ನು ಮಾತ್ರ: ಇಲ್ಲಿ ಆ ಪದ ಬೇರೆಯಾಗಿ ಕೇಳಿತು.

ಆ ಬೇರೆತನವನ್ನು ಮಾತ್ರ ಇನ್ನೂ ಸ್ವಲ್ಪ ನೋಡಬಹುದು. ‘ಮುಂದಿನ | ಟೇಶನ್ | ಕಲ್ಯಾಣ | ಕಲ್ಯಾಣ’ ಎಂದರೆ 4, 4, 5, 5. ಐದು ಮಾತ್ರೆ ಒಂದೇ ಸಲ ಬಂದಿದ್ದರೆ ಅದು ಎಡವಿದಂತೆ ಕೇಳುತ್ತಿತ್ತು. ಎರಡು ಸಲ ಒಂದರ ಪಕ್ಕ ಒಂದು ಬಂದದ್ದರಿಂದ ಅದು ಇನ್ನೊಂದು ನಡಿಗೆಯ ಆರಂಭವಾಗಿ ಕೇಳುತ್ತದೆ. ಇಲ್ಲಿ ಪುನರಾವರ್ತನೆಯೇ ಲಯವನ್ನು ಕಾಪಾಡಿದೆ. ಐದರ ನಡಿಗೆ ಕನ್ನಡದ ಕಿವಿಗೆ ಪರಿಚಿತವಾದದ್ದು: ಲಲಿತರಗಳೆಯದು, ವಾರ್ಧಕ ಷಟ್ಪದಿಯದು, ನಾಟಕಗಳ ಸರಳ ರಗಳೆಯದು. ನಾಲ್ಕಕ್ಕಿಂತ ಅದು ನಿಧಾನ, ತುಸು ತೂಗಾಟವಿರುವಂಥದು. ಗಾಡಿ ನಿಲ್ದಾಣಕ್ಕೆ ಬರುವಾಗ ವೇಗ ಇಳಿಯುತ್ತದೆಂದು ಹೇಳಿದರೂ ಸರಿ, ಮಗುವನ್ನು ತೂಗಿದಂತಾಯಿತೆಂದು ಹೇಳಿದರೂ ಸರಿ.

ಪುಣೆ, ಕೊಥ್ರೂಡ್

ಒಂದು ಸಂದೇಹ ಉಳಿಯುತ್ತದೆ. ಒಂದೇ ನಡಿಗೆಯಲ್ಲಿ ಹನ್ನೊಂದು ಸಾಲು ಓದಿದ ಕಿವಿ ಹನ್ನೆರಡನೆಯ ಸಾಲನ್ನೂ ಅದೇ ನಡಿಗೆಗೆ ಬಗ್ಗಿಸಿ ಓದುವುದಿಲ್ಲವೇ? ನನ್ನ ಮಗ ಓದಿದಾಗ ತಾನಾಗಿಯೇ ‘ಕಲ್ಯಾಣ್ ಕಲ್ಯಾಣ್’ ಎಂದು ಓದಿದ. ಅವನ ಕಣ್ಣು ಅಕ್ಷರವನ್ನು ನೋಡಿದ್ದರೂ ಲಯ ಅದನ್ನು ನುಂಗಿತು.

ಠಾಣೆಯ ಮೇಷ್ಟ್ರು

ರಾಯರೇ, ಒಳ್ಳೆಯ ಪ್ರಶ್ನೆ. ಇಂದು ಬೆಳಿಗ್ಗೆ ನಾನೂ ಹಲವು ಸಲ ಗಟ್ಟಿಯಾಗಿ ಓದಿ ನೋಡಿದೆ. ಮೊದಲ ಸಾಲಿನಲ್ಲಿ ‘ಕಲ್ಯಾಣ್’ ಎಂದು ಅರ್ಧಾಕ್ಷರ ಸ್ಪಷ್ಟವಾಗಿ ಇದ್ದರೆ ಓದುಗನಿಗೆ ಕೊನೆಯ ಸಾಲಿನ ಪೂರ್ಣಾಕ್ಷರ ಕಣ್ಣಿಗೆ ಬೀಳುತ್ತದೆ, ಎರಡರ ನಡುವಿನ ಅಂತರವೇ ಅವನನ್ನು ತಡೆದು ನಿಲ್ಲಿಸುತ್ತದೆ. ಮೊದಲ ಸಾಲಿನಲ್ಲಿಯೂ ‘ಕಲ್ಯಾಣ’ ಎಂದೇ ಇದ್ದರೆ ಮೊದಲ ಗಣವೇ ಐದಾಗಿ ಕವಿತೆ ಆರಂಭದಲ್ಲಿಯೇ ಮುಗ್ಗರಿಸುತ್ತದೆ, ಓದುಗ ಅದನ್ನು ನಾಲ್ಕಕ್ಕೆ ಕತ್ತರಿಸಿಕೊಂಡು ಮುಂದೆ ಹೋಗುತ್ತಾನೆ, ಕೊನೆಯಲ್ಲಿಯೂ ಹಾಗೆಯೇ ಕತ್ತರಿಸುತ್ತಾನೆ. ಕೊನೆಯ ಸಾಲಿನ ಅರ್ಥವನ್ನು ಹೊತ್ತಿರುವುದು ಮೊದಲ ಸಾಲಿನ ಅರ್ಧಾಕ್ಷರ. ತಿದ್ದಬೇಕೆಂಬ ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ‘ತೊಳೆದಾ’ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿಲ್ಲ.

ಮಾಟುಂಗದ ಓದುಗ

ಮೇಷ್ಟ್ರ ಬರಹ ಓದಿದ ಕೂಡಲೇ ಸಂಚಿಕೆಯ ಕರಡಚ್ಚನ್ನು ತೆಗೆದು ನೋಡಿದೆ. ಅಕ್ಷರ ಜೋಡಿಸಿದವರು ಎರಡು ರೂಪಗಳಿರುವುದನ್ನು ಕಂಡು, ಒಂದೇ ಬಗೆಯಾಗಿರಲೆಂಬ ಒಳ್ಳೆಯ ಮನಸ್ಸಿನಿಂದ, ಮೊದಲ ಸಾಲನ್ನೂ ‘ಕಲ್ಯಾಣ ಗಾಡಿಗೆ’ ಎಂದು ಮಾಡಿದ್ದರು. ಕೆಂಪು ಶಾಯಿಯಲ್ಲಿ ‘ಣ್’ ಎಂದು ತಿದ್ದಿ, ಅಂಚಿನಲ್ಲಿ ‘ಕೊನೆಯ ಸಾಲನ್ನು ಮುಟ್ಟಬಾರದು’ ಎಂದು ಬರೆದು ಕಳುಹಿಸಿದ್ದೇನೆ.

ಈ ಚರ್ಚೆಯನ್ನು ಕವಿಗೆ ಫೋನಿನಲ್ಲಿ ಓದಿ ಹೇಳಿದೆ. ಆದಿಪ್ರಾಸದ ಮಾತು ಬಂದಾಗ ‘ರಾತ್ರಿಶಾಲೆಯ ಗುರುಗಳು ಇದ್ದಿದ್ದರೆ ಅವರಿಗೂ ಗೊತ್ತಾಗುತ್ತಿತ್ತು’ ಎಂದರು. ‘ತೊಳೆದಾ’ ಎಂಬುದಕ್ಕೆ ಎರಡು ದಿನ ಕೊಡಿ ಎಂದು ಕೇಳಿದ್ದಾರೆ. ಭೂತಕಾಲ ಉಳಿಯಬೇಕು, ನಾಲ್ಕು ಮಾತ್ರೆ ತುಂಬಬೇಕು, ಎಳೆತ ಇರಬಾರದು. ನಿಮ್ಮಲ್ಲಿ ಯಾರಿಗಾದರೂ ಪದ ಹೊಳೆದರೆ ಬುಧವಾರದೊಳಗೆ ಇಲ್ಲಿಯೇ ಬರೆಯಿರಿ, ಅವರಿಗೆ ತಲುಪಿಸುತ್ತೇನೆ.